‘ಹಿಡದೀನಿ’ ಅನ್ನುವವರೆಗೆ

ಬೆಳಗಿನ ಹತ್ತು ಗಂಟೆ ಹತ್ತು ನಿಮಿಷಕ್ಕೆ ಬಾವಿಯ ಗಾಲಿ ಮುರಿಯಿತು. ಅಲ್ಲಿಯವರೆಗೆ ನಮ್ಮ ಕಾಕಾ ಅರೆಹುಚ್ಚರು ಎಂಬುದರಲ್ಲಿ ಭಾಲ್ಕಿಯಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಹುಚ್ಚು ಒಂದೇ. ಯಾರಿಗೆ ಏನು ಕೊಟ್ಟರೂ, ತೆಗೆದುಕೊಂಡವರು ಬಾಯಿಬಿಟ್ಟು ‘ಹಿಡದೀನಿ’ ಅನ್ನುವವರೆಗೆ ಕಾಕಾ ಕೈ ಬಿಡುತ್ತಿರಲಿಲ್ಲ. ಹೀಗೆ ಜಗ್ಗಾಡಿ ಬೀಗರ ಧೋತರಕ್ಕೆ ಚಹಾದ ಅಭಿಷೇಕವಾಗಿದೆ. ಒಮ್ಮೆ ಔರಾದಿನ ಬಸ್ಸಿನ ಕಂಡಕ್ಟರನಿಗೆ ಕಿಟಕಿಯಿಂದ ಬುತ್ತಿಗಂಟು ಕೊಟ್ಟರು. ಬಸ್ಸು ಹೊರಟಿತು. ಗಂಟು ಬಿಡದೆ ಕಾಕಾನೂ ಹೊರಟರು!

“ಬಿಡ್ರಿ ಮಾಸ್ತರ, ಔರಾದ ತನಕ ಓಡ್ತೀರೇನು?”

“ಹಿಡದೀನಿ ಅನ್ನಪಾ, ಬಿಡ್ತೇನಿ.”

ಈ ರೋಗ ತಗುಲಿದ್ದು ಕಂಪ್ಯೂಟರಿನಿಂದ. ಮನೆಯ ಮುಂದಿನ ಕೋಣೆಯಲ್ಲಿ ಕಾಕಾ ಕ್ಲಾಸು ನಡೆಸುತ್ತಿದ್ದರು. ಹಳೆಯ ಯಂತ್ರ, ಪುಕ್ಕಟೆಯ ಲಿನಕ್ಸ್. ಒಬ್ಬ ಹುಡುಗಿ ಪರದೆಯ ಮೇಲಿನ ಒಂದು ಕಿಟಕಿಯಲ್ಲಿ ಅಕ್ಕನ ಲಗ್ನಪತ್ರಿಕೆ ಬರೆದು, ಕಾಪಿ ಒತ್ತಿ, ಆ ಕಿಟಕಿ ಮುಚ್ಚಿದಳು. ಇನ್ನೊಂದರಲ್ಲಿ ಪೇಸ್ಟ್ ಒತ್ತಿದರೆ ಏನೂ ಇಲ್ಲ.

“ಸರ್, ಖಾಲಿ ಅದ. ಎಲ್ಲಿ ಹೋಯ್ತ್ರಿ?”

“ಎಲ್ಲಿಗೂ ಹೋಗಿದ್ದೇ ಇಲ್ಲವ್ವ. ಕಾಪಿ ಅಂದ್ರ ಮೊದಲನೇ ಕಿಟಕಿ ‘ನನ್ನ ಹತ್ರ ಅದ, ಬೇಕಾದವರು ಕೇಳ್ರಿ’ ಅಂತ ಒದರತದ, ಅಷ್ಟ. ಎರಡನೇದು ಕೇಳಿದ ಮ್ಯಾಲ ಕೈಯಾರೆ ಕೊಡತದ. ನೀ ಕೊಡೋರನ್ನೇ ಮನಿಗಿ ಕಳಿಸಿದಿ. ತಗೊಂಡೋರು ಹಿಡದೀನಿ ಅನ್ನೋ ತನಕ ಕೊಡೋರು ಬಿಡಬಾರದವ್ವ.”

“ಮತ್ತ ಯಾವುದೂ ಉಳಿಯಂಗಿಲ್ಲೇನ್ರಿ?”

“ಉಳೀತದ. ಎಲ್ಲಾ ಕಿಟಕಿ ಹಿಂದ ಒಂದು ಬೇರಿನ ಕಿಟಕಿ ಅದ, ರೂಟ್ ಅಂತಾರ, ಗೋಡಿ ಇದ್ದಂಗ. ಅದಕ್ಕ ಅಂಟಿಸಿದ್ದು, ಅಂಟಿಸಿದವರು ಹೋದರೂ ಇರ್ತದ.”

“ಕರೆಂಟ್ ಹೋದ್ರ?”

“ಗೋಡೀನೇ ಬಿತ್ತು.”

ನಾನು ಬೀದರಿನ ಕಾಲೇಜಿನಲ್ಲಿ ಓದಿ ಬಂದವನು, ಗೋಡೆಯ ಮಾತು ಕೇಳಿ ಒಳಗೊಳಗೇ ನಕ್ಕಿದ್ದೆ.

ಆ ವರ್ಷ ಮಳೆ ಬರಲಿಲ್ಲ. ಓಣಿಯ ಗಟ್ಟಿ ತೋಳುಗಳೆಲ್ಲ ಹೈದರಾಬಾದಿಗೆ ದುಡಿಯಲು ಹೋಗಿದ್ದವು. ಹಿತ್ತಲ ಬಾವಿಯ ಹೂಳು ತೆಗೆಯಲು ಉಳಿದವರು ಕಾಕಾ, ನಾನು, ಪಕ್ಕದ ಮನೆಯ ದರ್ಜಿ ರಶೀದ್ ಚಾಚಾ. ಹಗುರ ಎಂಬ ಒಂದೇ ಅರ್ಹತೆಯ ಮೇಲೆ ಚಾಚಾ ಕೆಳಗಿಳಿದರು. ಅವರನ್ನು ಮೇಲೆಳೆಯುವಾಗ, ಅರ್ಧ ದಾರಿಯಲ್ಲಿ, ಗಾಲಿ ಮುರಿಯಿತು.

ಹಗ್ಗ ಕಾಕಾನ ಅಂಗೈಯನ್ನು ಸುಲಿದುಕೊಂಡು ಜಾರಿತು, ನಿಂತಿತು. ಕಾಲನ್ನು ಕಟ್ಟೆಗೆ ಒತ್ತಿ ಕಾಕಾ ಹಿಂದಕ್ಕೆ ವಾಲಿದ್ದರು. ನಾನು ಹಗ್ಗದ ತುದಿಯನ್ನು ಬೇವಿನ ಮರಕ್ಕೆ ಸುತ್ತಿ ಗಂಟು ಹಾಕಿದೆ. ಇನ್ನು ಬಿಡಬಹುದು ಅನ್ನಿಸಿತು.

“ಹಿಡದ್ಯಾ?” ಅಂದರು ಕಾಕಾ.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಕಾಲೇಜು ಗಂಟು ಸರ್ರನೆ ಬಿಚ್ಚಿಕೊಂಡಿತು. ಕಾಕಾ ಬಿಟ್ಟಿದ್ದರೆ? ಆ ‘ರೆ’ಯನ್ನು ನಾನು ಇಂದಿಗೂ ಪೂರ್ತಿ ಮಾಡಿಲ್ಲ.

ಎರಡನೆಯ ಸಲ ಮೂರು ಸುತ್ತು ಬಿಗಿದೆ. ಬಾವಿಯೊಳಗಿಂದ ಚಾಚಾ ಒದರಿದರು: “ಅರೇ ಬೇಟಾ, ಹಿಡದಿದ್ರ ಹಿಡದೀನಿ ಅನ್ನೋ, ನಮ್ಮ ಮಾಸ್ತರ ಸ್ವಭಾವ ಗೊತ್ತಿಲ್ಲೇನು?”

“ಹಿಡದೀನ್ರಿ ಕಾಕಾ!”

ಆಗ ಮಾತ್ರ ಬಿಟ್ಟರು. ಕೂಗು ಕೇಳಿ ಓಡಿಬಂದ ಓಣಿಯ ಹೆಂಗಸರು ಹಗ್ಗಕ್ಕೆ ಕೈ ಹಾಕಿದರು. ಚಾಚಾ ಮೇಲೆ ಬಂದರು.

ಬೀದರಿನ ಆಸ್ಪತ್ರೆಯಲ್ಲಿ ಕಾಕಾನ ಅಂಗೈಗೆ ಪಟ್ಟಿ ಕಟ್ಟಿದರು. ಆದರೆ ಮನೆಗೆ ಬಂದ ಮೇಲೆ ಮುಷ್ಟಿ ಸಡಿಲವಾಗಲಿಲ್ಲ. ಕಣ್ಣು ಹತ್ತಿದೊಡನೆ ಬೆಚ್ಚಿ “ಹಿಡದ್ಯಾ?” ಅನ್ನುವರು. ಕಾಕಿ “ಹಿಡದೀನ್ರಿ” ಅನ್ನುವರು, ನಾನೂ ಅನ್ನುವೆ. ನಂಬಿಕೆಯಿಲ್ಲ. ನಿದ್ದೆ ಅವರಿಗೂ ಇಲ್ಲ, ನಮಗೂ ಇಲ್ಲ.

ಪಟ್ಟಿ ಬಿಚ್ಚಿದ ಶುಕ್ರವಾರ, ನಮಾಜು ಮುಗಿಸಿಕೊಂಡು ಚಾಚಾ ಬಂದು ಕಾಕಾ ಮಲಗಿದ್ದ ಹೊರಸಿನ ಅಂಚಿಗೆ ಕುಳಿತರು. ಕಾಕಾನ ಮುಷ್ಟಿಯೊಳಗೆ ತಮ್ಮ ಸೂಜಿ ಚುಚ್ಚಿದ ಬೆರಳುಗಳನ್ನು ತೂರಿಸಿ ಮೆಲ್ಲಗೆ ಅಂದರು:

“ನಾ ಮ್ಯಾಲ ಬಂದೀನ್ರಿ ಮಾಸ್ತರ. ಹಿಡದೀನಿ. ಇನ್ನ ಬಿಡ್ರಿ.”

ಕಾಕಾ ಅವರ ಮುಖವನ್ನೇ ನೋಡಿದರು. ಬೆರಳು ಒಂದೊಂದಾಗಿ ತೆರೆದುಕೊಂಡವು. ಅಂದು ಮಲಗಿದ ಮನೆಯವರೆಲ್ಲ ಎದ್ದದ್ದು ಮರುದಿನ ಬಿಸಿಲು ಹೊಸ್ತಿಲು ದಾಟಿದ ಮೇಲೆ.