ನಮ್ಮ ಲಾಂಡ್ರಿಯ ಮರಣಪೂರ್ವ ಮರಣೋತ್ತರ ಪರೀಕ್ಷೆ

ನಿರ್ಧಾರ ಮಾಡುವುದಕ್ಕೂ ಒಂದು ಶಾಸ್ತ್ರವಿದೆ ಎಂದು ಯಾರೂ ನನ್ನ ಕಿವಿಗೆ ಹಾಕದೆ ಇದ್ದಿದ್ದರೆ ನಮ್ಮ ಲಾಂಡ್ರಿ ಇವತ್ತಿಗೂ ಬದುಕಿರುತ್ತಿತ್ತು. ನನ್ನ ಹೆಂಡತಿ ಮಾತ್ರ ಶಾಸ್ತ್ರದ್ದೇನೂ ತಪ್ಪಿಲ್ಲ ಅನ್ನುತ್ತಾಳೆ. ಹಾಗಾದರೆ ತಪ್ಪು ಯಾರದು ಎಂದು ದಯವಿಟ್ಟು ಅವಳನ್ನು ಕೇಳಬೇಡಿ.

ಲಾಂಡ್ರಿ ನನ್ನ ಮಾವ ಕಟ್ಟಿದ್ದು. ಅವರು ತೀರಿಕೊಂಡ ಮೇಲೆ ಗಲ್ಲಾದ ಹಿಂದಿನ ಕುರ್ಚಿ ನನ್ನ ಪಾಲಿಗೆ ಬಂತು. ಯಂತ್ರಗಳು, ಕಲೆಗಳು, ಗಿರಾಕಿಗಳ ಬೈಗುಳ ಹೆಂಡತಿಯ ಪಾಲಿಗೆ ಹೋದವು (ಬೈಗುಳವನ್ನು ಅವಳು ತನ್ನಲ್ಲೇ ಇಟ್ಟುಕೊಳ್ಳದೆ ನನಗೆ ದಾಟಿಸುತ್ತಾಳೆ). ಹೀಗೆ ನಡೆಯುತ್ತಿದ್ದಾಗ ಊರಿಗೊಂದು ದೊಡ್ಡ ಲಾಂಡ್ರಿ ಕಂಪನಿ ಬಂತು. ಅದರ ಮ್ಯಾನೇಜರು ನಮ್ಮ ಅಂಗಡಿಗೆ ಬಂದು, ನಿಮ್ಮ ಬೋರ್ಡು ಇಳಿಸಿ ನಮ್ಮದು ಹಾಕಿಕೊಳ್ಳಿ, ನಮ್ಮ ಶಾಖೆಯಾಗಿ, ಇಲ್ಲದಿದ್ದರೆ ಎದುರಿಗೇ ನಮ್ಮದೊಂದು ತೆರೆಯುತ್ತೇವೆ ಎಂದು ನಗುನಗುತ್ತಲೇ ಹೇಳಿದ. ತಿಂಗಳ ಕೊನೆಯೊಳಗೆ ಉತ್ತರ ಬೇಕಂತೆ.

"ಒಪ್ಕೊಂಡುಬಿಡೋಣ ರೀ," ಅಂದಳು ಹೆಂಡತಿ. "ಬೋರ್ಡು ಹೋದ್ರೆ ಹೋಗ್ಲಿ, ಮನೆ ನಡೆಯುತ್ತೆ."

"ಮನಸ್ಸಿಗೆ ಬಂದ ಹಾಗೆ ಒಪ್ಕೊಳ್ಳೋಕಾಗಲ್ಲ ಕಣೇ. ಇದು ಸಂಕೀರ್ಣ ವ್ಯವಹಾರ ನಿರ್ಣಯ. ವಿಶ್ಲೇಷಣೆ ಆಗಬೇಕು."

ಈ ಮಾತುಗಳನ್ನು ನಾನು ಕಲಿತದ್ದು ವರ್ತಕರ ಸಂಘದವರ ಅರ್ಧ ದಿನದ ತರಬೇತಿಯಲ್ಲಿ. ಮೇಲಿಂದ ಮೇಲೆ ಶಾಸ್ತ್ರ ಅನ್ನುತ್ತೇನೆ, ಆದರೆ ಒಳಗೆ ಇದ್ದದ್ದು ಹೆದರಿಕೆ. ಕಂಪನಿಯವರು ಹೆಂಡತಿಯ ಕೈಗೆ ಕೆಲಸ ಕೊಟ್ಟಾರು. ಗಲ್ಲಾದ ಹಿಂದೆ ಸುಮ್ಮನೆ ಕೂರುವವನು ಯಾರಿಗೆ ಬೇಕು? ಈ ಕುರ್ಚಿ ಹೋದರೆ ಈ ವಯಸ್ಸಿನಲ್ಲಿ ನನಗೆ ಇನ್ನೊಂದು ಕುರ್ಚಿ ಸಿಗುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ ವಿಶ್ಲೇಷಣೆಗೆ ಇಳಿದೆ.

ಮೊದಲನೆಯದು ತೂಕದ ಪದ್ಧತಿ. ಪ್ರತಿಯೊಂದು ವಿಷಯಕ್ಕೂ ಇಷ್ಟು ತೂಕ ಅಂತ ಕೊಟ್ಟು, ಅಂಕ ಹಾಕಿ, ಗುಣಿಸಿ ಕೂಡಬೇಕು. ಕೂಡಿದೆ. 'ಒಪ್ಪುವುದು' ಗೆದ್ದಿತು. ಮಾವನ ಹೆಸರಿನ ಬೋರ್ಡು ನೋಡಿ ಹೆಸರಿಗೆ ಸ್ವಲ್ಪ ತೂಕ ಹೆಚ್ಚಿಸಿದೆ. 'ಒಪ್ಪದಿರುವುದು' ಗೆದ್ದಿತು. ಎದುರಿಗೆ ಕಂಪನಿಯ ಅಂಗಡಿ ಕಣ್ಣಿಗೆ ಕಟ್ಟಿತು. ಅಲ್ಲಿ ಇಲ್ಲಿ ತಿದ್ದಿ ಎರಡನ್ನೂ ಸಮಸಮ ಮಾಡಿದ ಮೇಲೆ ನನಗೆ ನೆಮ್ಮದಿಯಾಯಿತು.

"ತೂಕ ಹಾಕೋದೇ ಆದ್ರೆ ಆ ಗಂಟು ತೂಕ ಹಾಕಿ," ಅಂದಳು ಹೆಂಡತಿ. "ಗಿರಾಕಿ ಆಗ್ಲಿಂದ ಕಾಯ್ತಿದಾರೆ."

ಎರಡನೆಯದಕ್ಕೆ ನಾನೇ ಹೆಸರಿಟ್ಟೆ: ಮರಣಪೂರ್ವ ಮರಣೋತ್ತರ ಪರೀಕ್ಷೆ. ವ್ಯವಹಾರ ಆಗಲೇ ಸತ್ತುಹೋಗಿದೆ ಎಂದು ಎಲ್ಲರೂ ಊಹಿಸಿಕೊಳ್ಳಬೇಕು. ಯಾಕೆ ಸತ್ತಿತು ಎಂದು ಒಬ್ಬೊಬ್ಬರಾಗಿ ಹೇಳಬೇಕು. ಹೇಳುವಾಗ ಯಾರೂ ಮಧ್ಯೆ ಬಾಯಿ ಹಾಕಕೂಡದು. ಭಾನುವಾರ ಬಾಗಿಲು ಅರ್ಧ ಎಳೆದು ಹೆಂಡತಿ, ಅತ್ತೆ, ಇಸ್ತ್ರಿಯಣ್ಣ ಮೂವರನ್ನೂ ಬಟ್ಟೆಗಂಟುಗಳ ಮೇಲೆ ಕೂರಿಸಿದೆ. ಇಸ್ತ್ರಿಯಣ್ಣ ಮಾವನ ಕಾಲದಿಂದ ನಮ್ಮಲ್ಲಿ ಇಸ್ತ್ರಿ ಮಾಡುವವನು.

"ಒಂದು ವರ್ಷ ಕಳೀತು ಅಂದ್ಕೊಳ್ಳಿ," ಎಂದು ಶುರುಮಾಡಿದೆ. "ನಮ್ಮ ಲಾಂಡ್ರಿ ಸತ್ತುಹೋಗಿದೆ."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು.

"ಅತ್ತೆ, ಇದು ಊಹೆ ಅಷ್ಟೆ."

"ಊಹೆ ಮಾಡಿಯೇ ಅಳ್ತಿದೀನಿ ಅಳಿಯಂದಿರೇ. ಅವರು ಹೋದಾಗ್ಲೂ ಇಷ್ಟು ಹಠಾತ್ತಾಗಿ ಯಾರೂ ಹೇಳಿರಲಿಲ್ಲ."

ಅವರನ್ನು ಸಮಾಧಾನ ಮಾಡಿ ಇಸ್ತ್ರಿಯಣ್ಣನ ಕಡೆ ತಿರುಗಿದೆ. ಅವನು ತಲೆ ಕೆರೆದುಕೊಂಡ.

"ಯಾಕೆ ಸತ್ತಿತೋ ನಂಗೆ ಗೊತ್ತಿಲ್ಲ ಯಜಮಾನ್ರೇ. ಅಷ್ಟರಲ್ಲಿ ನಾನು ಕಂಪನಿ ಸೇರ್ಕೊಂಡಿದ್ದೆ."

"ಊಹೆಯಲ್ಲಿ ತಾನೆ?"

"ಊಹೆಯಲ್ಲೇ," ಅಂದ, ನನ್ನ ಮುಖ ನೋಡದೆ.

ಕೊನೆಗೆ ಹೆಂಡತಿ. ಅವಳು ದನಿ ಏರಿಸಲೇ ಇಲ್ಲ. "ಯಾವ ಕಾಯಿಲೆಯಿಂದ್ಲೂ ಸಾಯಲಿಲ್ಲ ರೀ. ನೀವು ಔಷಧಿ ಆರಿಸ್ತಾ ಕೂತಿದ್ರಿ, ಅಷ್ಟರಲ್ಲಿ ಹೋಯ್ತು."

ಮಧ್ಯೆ ಬಾಯಿ ಹಾಕಕೂಡದು ಎಂಬ ನಿಯಮ ನನ್ನದೇ ಆದ್ದರಿಂದ ತುಟಿ ಪಿಟಕ್ಕೆನ್ನದೆ ಕೂತೆ. ಅವಳು ಎದ್ದು ಯಂತ್ರ ಹಾಕಿದಳು.

ಇನ್ನು ಈ ಜನರನ್ನು ನಂಬಿ ಪ್ರಯೋಜನವಿಲ್ಲ ಅನ್ನಿಸಿತು. ಮೂರನೆಯ ಪದ್ಧತಿಗೆ ಯಾರೂ ಬೇಡ, ಒಬ್ಬನೇ ಸಾಕು: ನಿರ್ಣಯವೃಕ್ಷ. ಒಂದು ಬುಡ, ಎರಡು ಕೊಂಬೆ, ಕೊಂಬೆಗೊಂದು ಸಾಧ್ಯತೆ. ಮಾರನೆಯ ದಿನ ಇಸ್ತ್ರಿಯಣ್ಣ ಟೀ ಕುಡಿಯಲು ಹೋಗಿದ್ದಾಗ ಅವನ ಮೇಜಿನ ಮುಂದೆ ನಿಂತೆ. ಮೇಜಿಗೆ ಯಾವಾಗಲೂ ಒಂದು ಹಳೆ ಬಿಳಿ ಬಟ್ಟೆ ಹೊದಿಸಿರುತ್ತದೆ. ಇಷ್ಟು ದೊಡ್ಡ ಮರಕ್ಕೆ ಕಾಗದ ಎಲ್ಲಿ ಸಾಲುತ್ತದೆ ಎಂದು ಆ ಬಟ್ಟೆಯ ಮೇಲೇ ಬರೆಯತೊಡಗಿದೆ. ಕೈಗೆ ಸಿಕ್ಕಿದ್ದು ಗುರುತಿನ ಶಾಯಿ. (ಯಾವ ಬಟ್ಟೆ ಯಾರದೆಂದು ಅಂಚಿನಲ್ಲಿ ಗುರುತು ಹಾಕುವ ಶಾಯಿ ಅದು. ಬಟ್ಟೆ ಹರಿದರೂ ಅದು ಹೋಗುವುದಿಲ್ಲ. ಮಾವ ಅದರ ಬಗ್ಗೆ ಹೆಮ್ಮೆಪಡುತ್ತಿದ್ದರು.)

ಮರ ಬಹಳ ಚೆನ್ನಾಗಿ ಬಂತು. ನಮ್ಮ ಅರ್ಧ ವ್ಯಾಪಾರ ಒಂದು ಲಾಡ್ಜಿನದು, ಆದ್ದರಿಂದ ಅದಕ್ಕೊಂದು ದಪ್ಪ ಕೊಂಬೆ ಬಿಡಿಸಿ, 'ಲಾಡ್ಜಿನ ಯಜಮಾನ ಶುದ್ಧ ಜುಗ್ಗ, ನಮ್ಮನ್ನು ಬಿಡುವ ಸಾಧ್ಯತೆ ಶೇಕಡ ನಲವತ್ತು, ಬಿಟ್ಟರೆ ಅಂಗಡಿ ಮುಚ್ಚುವುದು' ಎಂದು ಬರೆದೆ. ಟೀ ಮುಗಿಸಿ ಬಂದ ಇಸ್ತ್ರಿಯಣ್ಣ ನನ್ನ ಬೆನ್ನ ಹಿಂದೆ ನಿಂತು ಇಡೀ ಮರವನ್ನು ಓದಿದ.

"ಯಜಮಾನ್ರೇ, ಇದು ಮೇಜಿನ ಬಟ್ಟೆಯಲ್ಲ. ಲಾಡ್ಜಿನ ಬೆಡ್‌ಶೀಟು."

ಹೆಂಡತಿಗೆ ಹೇಳಬಾರದೆಂದು ಅವನಿಂದ ಮಾತು ತೆಗೆದುಕೊಂಡು, ಮರ ಒಳಗೆ ಬರುವಂತೆ ನೀಟಾಗಿ ಮಡಿಸಿ ಪಕ್ಕಕ್ಕಿಟ್ಟೆ. ಈಗ ಮೂರು ದಾರಿಗಳಿದ್ದವು: ಲಾಡ್ಜಿನವರಿಗೆ ನಿಜ ಹೇಳುವುದು, ಹೊಸದು ಕೊಂಡು ಕೊಡುವುದು, ಕಳೆದುಹೋಯಿತೆನ್ನುವುದು. ಕುರ್ಚಿಗೆ ಹೋಗಿ ಕೂತು ಮೂರಕ್ಕೂ ತೂಕ ಕೊಡತೊಡಗಿದೆ. ಇನ್ನೂ ಕೂಡುತ್ತಿದ್ದಾಗಲೇ ಲಾಡ್ಜಿನ ಗಾಡಿ ಬಂತು. ಇದೇನೂ ತಿಳಿಯದ ಹೆಂಡತಿ ಮಡಿಸಿಟ್ಟ ಬೆಡ್‌ಶೀಟುಗಳನ್ನೆಲ್ಲ ಎತ್ತಿ ಗಾಡಿಗೆ ಹಾಕಿ ಕಳಿಸಿಬಿಟ್ಟಳು. ನಾನು ತಲೆ ಎತ್ತಿದಾಗ ಗಾಡಿ ರಸ್ತೆಯ ತಿರುವಿನಲ್ಲಿತ್ತು.

ಎರಡು ದಿನ ಬಿಟ್ಟು ಲಾಡ್ಜಿನ ಯಜಮಾನರು ಸ್ವತಃ ಬಂದರು. ಬೆಡ್‌ಶೀಟನ್ನು ಗಲ್ಲಾದ ಮೇಲೆ ಬಿಚ್ಚಿ ಹರಡಿದರು.

"ರೂಮಿನ ಗಿರಾಕಿ ಇದನ್ನ ಪೂರ್ತಿ ಓದಿ, ಆಮೇಲೆ ನನಗೂ ಓದಿ ಹೇಳಿದ," ಅಂದರು. "ಎಲ್ಲಾ ಸರಿಯಾಗಿ ಬರೆದಿದ್ದೀರಿ. ಒಂದು ಕಡೆ ಮಾತ್ರ ತಪ್ಪಿದೆ."

"ಜುಗ್ಗ ಅನ್ನೋದು ಕೈತಪ್ಪಿ..."

"ಅದಲ್ಲ. ನಲವತ್ತು ಅಂತ ಹಾಕಿದ್ದೀರಿ. ಅದು ನೂರು."

ಅವರ ಬಟ್ಟೆ ಅವತ್ತೇ ಕಂಪನಿಗೆ ಹೋಯಿತು. ಅರ್ಧ ಬಟ್ಟೆಯೇ ಇಲ್ಲದ ಅಂಗಡಿಯಲ್ಲಿ ನಮಗೆ ಶಾಖೆ ಯಾಕೆ ಎಂದು ಕಂಪನಿಯ ಮ್ಯಾನೇಜರು ಹಿಂದೆ ಸರಿದ. ಇಸ್ತ್ರಿಯಣ್ಣ ಊಹೆಯಿಂದ ಹೊರಗೆ ಬಂದು ನಿಜವಾಗಿಯೇ ಕಂಪನಿ ಸೇರಿದ. ಉಳಿದ ಅರ್ಧ ವ್ಯಾಪಾರದಲ್ಲಿ ಖರ್ಚು ಹುಟ್ಟದೆ ಅಂಗಡಿ ಮುಚ್ಚಿದೆವು. ಮಾವನ ಬೋರ್ಡನ್ನು ಇಳಿಸಿ ತಂದು ಅತ್ತೆಯ ಕೋಣೆಯ ಗೋಡೆಗೆ ಒರಗಿಸಿದೆವು. ಅವರು ಈ ಸಲ ಅಳಲಿಲ್ಲ. ಆಗಲೇ ಅತ್ತಾಗಿದೆ ಅಂದರು. ಅವರು ಅತ್ತಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಬೆಡ್‌ಶೀಟು ನಮಗೇ ಉಳಿಯಿತು. ಒಗೆದು ಒಗೆದು ಸಾಕಾಗಿ ನಮ್ಮ ಮಂಚಕ್ಕೇ ಹಾಸಿದ್ದೇವೆ. ನನ್ನ ಮಗ್ಗುಲಿಗೆ 'ಅಂಗಡಿ ಮುಚ್ಚುವುದು' ಬರುತ್ತದೆ. ಮೊನ್ನೆ ಅದನ್ನು ಸರಿಮಾಡಿ ಹಾಸುತ್ತಿದ್ದಾಗ ಹೆಂಡತಿ ಹೊರಗಿನಿಂದ ಬಂದು ಚಪ್ಪಲಿ ಬಿಟ್ಟಳು.

"ಕಂಪನಿಗೆ ಹೋಗಿದ್ದೆ. ಮ್ಯಾನೇಜರು ನನ್ನನ್ನ ತಗೊಂಡ್ರು ರೀ. ಕಲೆ ತೆಗೆಯೋ ವಿಭಾಗ ಪೂರ್ತಿ ನಂಗೇ ಬಿಟ್ಟಿದಾರೆ. ನಾಳೆಯಿಂದ್ಲೇ ಬರಬೇಕಂತೆ."

"ಅಷ್ಟು ಬೇಗ ಒಪ್ಕೊಂಡುಬಿಟ್ಯಾ?"

"ಕೇಳಿದ್ರು, ಹೂಂ ಅಂದೆ." ಅವಳು ಮಂಚದ ಇನ್ನೊಂದು ಕಡೆ ಬಂದು ಬೆಡ್‌ಶೀಟಿನ ಅಂಚು ಹಿಡಿದು ಎಳೆದಳು. "ನಿಮಗೂ ಏನಾದ್ರೂ ಇದೆಯಾ ಅಂತ ಕೇಳಿದೆ."

ನಾನು ನನ್ನ ಕಡೆಯ ಅಂಚು ಬಿಟ್ಟೆ. "ಏನಂದ್ರು?"

"ಎಲ್ಲಾ ಕಡೆಯಿಂದ್ಲೂ ಯೋಚನೆ ಮಾಡಿ ತಿಳಿಸ್ತಾರಂತೆ."