ಸೊಸೆ ಮರಳಿದ ಬಗ್ಗೆ ದೃಢೀಕರಣ ಪತ್ರ

ಧಾರಾವಾಹಿಯ ನಾಯಕಿ ಪ್ರತಿ ಸಂಚಿಕೆಯಲ್ಲಿ ಕನಿಷ್ಠ ಒಂದು ಸಲ ಅಳತಕ್ಕದ್ದು ಎಂಬುದು ಮಂಡ್ಯ ಜಿಲ್ಲಾ ಕಿರುತೆರೆ ಸ್ತ್ರೀಪಾತ್ರ ಗೌರವ ಸಂರಕ್ಷಣಾ ಸಮಿತಿಯ ಮೊದಲನೆಯ ನಿಯಮ. ಅವಳು ಯಾಕೆ ಅತ್ತಳೆಂದು ಯಾರೂ ಕೇಳತಕ್ಕದ್ದಲ್ಲ ಎಂಬುದು ಎರಡನೆಯದು. ಸಮಿತಿಯ ಕಚೇರಿ ಮದ್ದೂರಿನಲ್ಲಿದೆ. ಮಂಡ್ಯದವರಿಗೂ ಮಳವಳ್ಳಿಯವರಿಗೂ ಅನುಕೂಲವಾಗಲೆಂದು ಕಾಗದದಲ್ಲಿ ಬರೆದಿದ್ದೇವೆ. ನಿಜವಾದ ಕಾರಣ ಕೆಳಗಿನ ಹೋಟೆಲಿನ ವಡೆ. ಒಂಬತ್ತು ಜನ ಸದಸ್ಯರು, ಎಲ್ಲರೂ ಗಂಡಸರು. ಹೆಂಗಸರ ಗೌರವ ಕಾಪಾಡುವ ಕೆಲಸದಲ್ಲಿ ಹೆಂಗಸರಿಗೆ ತೊಂದರೆ ಕೊಡಬಾರದೆಂದು ಅವರನ್ನು ಸೇರಿಸಿಕೊಂಡಿಲ್ಲ. ನಾನು ಸಿದ್ದೇಶ್, ಕಾರ್ಯದರ್ಶಿ. ನಡಾವಳಿ ಬರೆಯುವವನು ನಾನೇ ಆದ್ದರಿಂದ ಕೆಳಗಿನದೆಲ್ಲ ಸತ್ಯ.

ಕಳೆದ ವರ್ಷ ಹೊಳಲಿನ ಪ್ರೀತಂ ಒಂದು ದೂರು ತಂದ. ಅವನು 'ತಾಳಿಗೆ ತಕ್ಕ ಸೊಸೆ' ಎಂಬ ಧಾರಾವಾಹಿಯ ಅಭಿಮಾನಿ ಸಂಘದ ಅಧ್ಯಕ್ಷ. ಅದರ ನಾಯಕಿ ಮಂಜುಶ್ರೀ ಮೊದಲ ಸಂಚಿಕೆಯಲ್ಲಿ ಎಂಜಿನಿಯರಿಂಗಿನಲ್ಲಿ ಚಿನ್ನದ ಪದಕ ಪಡೆಯುತ್ತಾಳೆ, ಎರಡನೆಯದರಲ್ಲಿ ಮದುವೆಯಾಗುತ್ತಾಳೆ, ಆಮೇಲೆ ಆರು ವರ್ಷದಿಂದ ತುಳಸಿಕಟ್ಟೆಯ ಮುಂದೆ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಾಳೆ. ಪದಕ ಎಲ್ಲಿ ಹೋಯಿತೆಂದು ನಿರ್ದೇಶಕರಿಗೂ ನೆನಪಿಲ್ಲ. ಗಂಡ ಕಪಾಳಕ್ಕೆ ಹೊಡೆಯುತ್ತಾನೆ, ಮರುದಿನ ಮಲ್ಲಿಗೆ ತರುತ್ತಾನೆ. ಅದು ಪ್ರೀತಿಯೆಂದು ತಿಳಿಯಲಿ ಎಂದು ಹಿನ್ನೆಲೆಯಲ್ಲಿ ಕೊಳಲು ಊದುತ್ತಾರೆ.

ದೂರು ಇಷ್ಟೆ: ಮೊಬೈಲಿನಲ್ಲಿ ಯಾರೋ ಮಂಜುಶ್ರೀಯ ಮೇಲೆ ತಮ್ಮದೇ ಕಥೆ ಬರೆಯುತ್ತಿದ್ದಾರೆ. ಅಭಿಮಾನಿಗಳು ಮೆಚ್ಚಿನ ಪಾತ್ರದ ಮೇಲೆ ಹೀಗೆ ಬರೆಯುವುದುಂಟು, ಅದಕ್ಕೆ ಸಮಿತಿಯ ಆಕ್ಷೇಪವೂ ಇಲ್ಲ. ಗಂಡಸರು ಬರೆದ ಕಥೆಗಳಲ್ಲಂತೂ ಮಂಜುಶ್ರೀ ಇನ್ನಷ್ಟು ಬೆಳ್ಳಗಾಗಿ ಇನ್ನಷ್ಟು ಅಳುತ್ತಾಳೆ. ಆದರೆ ಈ ಕಥೆಯ ನಾಲ್ಕನೆಯ ಅಧ್ಯಾಯದಲ್ಲಿ ಆಕೆ ಟ್ರಂಕಿನಿಂದ ಸರ್ಟಿಫಿಕೇಟು ತೆಗೆದು, ಮಳವಳ್ಳಿ ಬಸ್ಸು ಹತ್ತಿ, ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕೆ ಸೇರಿಬಿಟ್ಟಿದ್ದಾಳೆ. ಆಮೇಲಿನ ಹನ್ನೊಂದು ಅಧ್ಯಾಯಗಳಲ್ಲಿ ಒಂದು ಹನಿ ಕಣ್ಣೀರಿಲ್ಲ.

"ನಮ್ಮೂರಲ್ಲಿ ಎಂಗಸ್ರು ಧಾರಾವಾಹಿ ನೋಡ್ಕಂಡು ನಗ್ತಾವ್ರೆ ಸಾರ್," ಎಂದ ಪ್ರೀತಂ. "ಮೂರ್ ಜನ ಆಗ್ಲೇ ಟ್ರಂಕು ತಗುದ್ಬುಟ್ಟವ್ರೆ."

ಅಧ್ಯಕ್ಷ ಕರಿಸಿದ್ದಯ್ಯನವರು ಕೈಯಲ್ಲಿದ್ದ ವಡೆ ಕೆಳಗಿಟ್ಟರು. ಸಮಿತಿಯ ಇತಿಹಾಸದಲ್ಲಿ ಅದು ಮೊದಲ ಸಲ.

ಬರೆದವಳು ಅರುಂಧತಿ ಎಂದು ಪತ್ತೆಯಾಯಿತು. ಅದೇ ವಿದ್ಯುತ್ ಕೇಂದ್ರದಲ್ಲಿ ಎಂಜಿನಿಯರ್, ಮಳವಳ್ಳಿಯಲ್ಲಿ ತಾಯಿ ದೇವಿರಮ್ಮನ ಜೊತೆ ವಾಸ, ಬಸ್ಸಿನಲ್ಲಿ ಹೋಗಿಬರುವಾಗ ಕಥೆ ಬರೆಯುತ್ತಾಳೆ. ಪ್ರೀತಂ ಒಂದು ಸಂಗತಿಯನ್ನು ದೂರಿನಲ್ಲಿ ಬರೆದಿರಲಿಲ್ಲ: ಅರುಂಧತಿ ಅವನ ಹೆಂಡತಿ. ಎರಡು ವರ್ಷದ ಹಿಂದೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ನೆಂಟರ ಎದುರೇ ಅವಳ ಕಪಾಳಕ್ಕೆ ಹೊಡೆದಿದ್ದ. ಮರುದಿನ ತಪ್ಪದೆ ಮಲ್ಲಿಗೆಯನ್ನೂ ತಂದ. ಕೊಳಲು ಊದುವವರು ಯಾರೂ ಇರಲಿಲ್ಲವಾಗಿ ಅವಳು ಅಂದೇ ಬಸ್ಸು ಹತ್ತಿದಳು. ಮತ್ತೆ ಆ ಹೊಸ್ತಿಲು ತುಳಿಯುವುದಿಲ್ಲ ಎಂಬುದೊಂದೇ ಅವಳ ಹಟ. ಅದು ಬಿಟ್ಟು ಅವಳು ಯಾರನ್ನೂ ಬೇರೇನೂ ಕೇಳಿರಲಿಲ್ಲ.

ನಮ್ಮ ಕಡೆ ಸೊಸೆ ಮನೆ ಬಿಟ್ಟರೆ ರಾಜಿ ಪಂಚಾಯ್ತಿ ಸೇರುವ ವಾಡಿಕೆ. ಆಕೆಗೆ ಆಸರೆ ಕೊಟ್ಟ ಮನೆಯವರನ್ನು ಕರೆಸಿ, ನಾಲ್ಕು ಮಾತು ಬೈದು, ಎಲೆಅಡಿಕೆ ಕೊಟ್ಟು, ಸೊಸೆಯನ್ನು ವಾಪಸು ಕಳಿಸುತ್ತಾರೆ. ಸೊಸೆಯನ್ನು ಏನನ್ನೂ ಕೇಳುವ ಪದ್ಧತಿಯಿಲ್ಲ. ಸಮಿತಿ ಈ ಪದ್ಧತಿಯನ್ನೇ ಅನುಸರಿಸಿ, ಮಂಜುಶ್ರೀಗೆ ಆಸರೆ ಕೊಟ್ಟವಳೆಂದು ಅರುಂಧತಿಗೆ ನೋಟಿಸು ಕಳಿಸಿತು. ಅವಳು ಮದ್ದೂರಿನ ಕಚೇರಿಗೆ ಬಂದಳು.

"ಮಂಜುಶ್ರೀನ ಎಲ್ಲಿ ಮಡಗಿದ್ದೀಯವ್ವ?" ಎಂದು ಅಧ್ಯಕ್ಷರು ವಿಚಾರಣೆ ಶುರುಮಾಡಿದರು.

"ಅದು ಕತೆ ಸಾರ್."

"ಕತೆನೋ ಪುರಾಣನೋ, ಎಲ್ಲವಳೆ ಯೋಳು."

"ಕೆಲಸದಲ್ಲವಳೆ."

"ಮನೆಗ್ ಕಳ್ಸು. ಕೊನೇ ಅಧ್ಯಾಯ ಬರಿ. ಬಂದು ಅತ್ತೆ ಕಾಲಿಗ್ ಬಿದ್ಲು ಅಂತ."

"ಬರಿಯಕಿಲ್ಲ. ಅವಳ್ಗೆ ಡ್ಯೂಟಿ ಐತೆ."

ಸದಸ್ಯರು ಮುಖ ಮುಖ ನೋಡಿಕೊಂಡರು. ಆಗ ಹಿರಿಯ ಸದಸ್ಯ ಮರಿಯಯ್ಯನವರು ಎದ್ದು ನಿಂತು, ಕಾನೂನಿನ ಒಂದು ಸೂಕ್ಷ್ಮವನ್ನು ಸಭೆಯ ಗಮನಕ್ಕೆ ತಂದರು.

"ಓಡೋದೋಳು ಸಿಕ್ನಿಲ್ಲ ಅಂದ್ರೆ ಮಡಿಕ್ಕಂಡೋರು ಜವಾಬು ಕೊಡ್ಬೇಕು. ಈವಮ್ಮಾನೂ ಮನೆ ಬುಟ್ಟು ಬಂದಿರೋ ಸೊಸೆನೇ ಅಲ್ವ್ರಾ? ಅವಳ ಬದ್ಲು ಇವಳೇ ಓಗ್ಲಿ ಬುಡಿ. ಲೆಕ್ಕ ಸರಿಹೋಯ್ತದೆ."

ಚಪ್ಪಾಳೆ ಬಿತ್ತು. ಪ್ರೀತಂ ಚೀಲದಿಂದ ಎಲೆಅಡಿಕೆಯ ತಟ್ಟೆ ತೆಗೆದ. ಜೋಡಿಸಿಕೊಂಡೇ ಬಂದಿದ್ದ.

ಅರುಂಧತಿ ಎದ್ದಳು. "ನಾನು ಓಗಕಿಲ್ಲ. ಇವತ್ತೂ ಓಗಕಿಲ್ಲ, ನಾಳೆನೂ ಓಗಕಿಲ್ಲ. ಒಡುಸ್ಕಂಡು ಊವ ಮುಡ್ಕಳಾಕೆ ನಾನೇನು ಧಾರಾವಾಹಿಯೋಳಲ್ಲ," ಎಂದಳು. ತಟ್ಟೆಯತ್ತ ತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋದಳು.

ನಿಜ ಹೇಳುತ್ತೇನೆ, ನನಗೆ ಎದ್ದು ಕೈಮುಗಿಯಬೇಕೆನ್ನಿಸಿತು. ಈ ಒಂಬತ್ತು ಜನರ ಮೇಲೆ ಮೈಯೆಲ್ಲ ಉರಿಯಿತು. ಆದರೆ ನಡಾವಳಿ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.

"ಏನಂತ ಬರೀಲಿ ಸಾರ್?" ಎಂದೆ.

"ಒಪ್ಕಂಡ್ಲು ಅಂತ ಬರ್ಕೊ."

"ಓಗಕಿಲ್ಲ ಅಂದ್ಲಲ್ಲ?"

ಕರಿಸಿದ್ದಯ್ಯನವರು ಕನಿಕರದಿಂದ ನೋಡಿದರು. "ಯಾವ ನಾಯಕಿ ಮೊದ್ಲೇಟ್ಗೆ ಊ ಅಂದವಳೆ ಯೋಳ್ಲಾ? ಬ್ಯಾಡ ಅನ್ನದು, ಮಕ ತಿರುಗ್ಸದು, ದಡದಡ ಅಂತ ಓಗದು, ಎಲ್ಲ ಒಪ್ಪಿಗೆ ಗುರ್ತೇಯ. ಆರ್ ವರ್ಸದಿಂದ ಟೀವಿ ನೋಡಿ ನೀನು ಕಲ್ತಿದ್ದಾದ್ರೂ ಏನು?"

ಸ್ತ್ರೀಪಾತ್ರದ ನಿರಾಕರಣೆಯನ್ನು ಸಮ್ಮತಿಯೆಂದು ಓದಿಕೊಳ್ಳತಕ್ಕದ್ದು ಎಂಬ ಏಳನೆಯ ನಿಯಮ ಸರ್ವಾನುಮತದಿಂದ ಅಂಗೀಕಾರವಾಯಿತು. ಬೆನ್ನಲ್ಲೇ ದೃಢೀಕರಣ ಪತ್ರವನ್ನೂ ಸಿದ್ಧಪಡಿಸಿದೆ: "ಈ ಮೂಲಕ ದೃಢೀಕರಿಸುವುದೇನೆಂದರೆ, ಶ್ರೀಮತಿ ಅರುಂಧತಿ ಕೋಂ ಪ್ರೀತಂ, ಇವರು ಸ್ವಇಚ್ಛೆಯಿಂದ ಗಂಡನ ಮನೆಗೆ ಮರಳಿದ್ದು, ಅಲ್ಲಿ ಸುಖವಾಗಿ ಅಳುತ್ತಿದ್ದಾರೆ." ಒಂಬತ್ತು ಸಹಿ, ಒಂದು ಮೊಹರು.

ಮರುದಿನ ಅರುಂಧತಿ ಎಂದಿನಂತೆ ಶಿವನಸಮುದ್ರಕ್ಕೆ ಕೆಲಸಕ್ಕೆ ಹೋದಳು. ಇದರಿಂದ ಯಾವ ಗೊಂದಲವೂ ಆಗಲಿಲ್ಲ. ಮೊಹರಿರುವ ಕಾಗದ ಅವಳು ಹೊಳಲಿನಲ್ಲಿದ್ದಾಳೆ ಎನ್ನುತ್ತಿತ್ತು. ಧಾರಾವಾಹಿಯವರು ಸುದ್ದಿ ತಿಳಿದು 'ಮರಳಿ ಬಂದಳು ಅರುಂಧತಿ' ಎಂದು ಮೂರು ದಿನದ ವಿಶೇಷ ಸಂಚಿಕೆ ಮಾಡಿದರು. ಬೆಂಗಳೂರಿನ ನಟಿಯೊಬ್ಬಳು ಅರುಂಧತಿಯಾಗಿ ಅತ್ತೆಯ ಕಾಲು ಹಿಡಿದು ಸೊಗಸಾಗಿ ಅತ್ತಳು. ಹೊಳಲಿನಲ್ಲಿ ಪ್ರೀತಂಗೆ ಶಾಲು ಹೊದಿಸಿದರು. ಅವನ ತಾಯಿ ಮಹದೇವಮ್ಮನವರು, "ನಮ್ ಸೊಸೆ ಈಗ ಚಿನ್ನದಂತೋಳು, ಎದುರು ಮಾತೇ ಆಡಕಿಲ್ಲ," ಎಂದು ಖಾಲಿ ಅಡುಗೆಮನೆ ತೋರಿಸಿ ಹೇಳಿಕೆ ಕೊಟ್ಟರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಆ ವಾರ ಅರುಂಧತಿ ಮೊಬೈಲಿನಲ್ಲಿ ಹೊಸ ಅಧ್ಯಾಯ ಹಾಕಿದಳು. ಓದುಗರು ಸಿಟ್ಟಾದರು. ಅರುಂಧತಿ ಅಕ್ಕ ಗಂಡನ ಮನೆ ಸೇರಿ ಬರವಣಿಗೆ ಬಿಟ್ಟಿದ್ದಾರೆ, ಅವರ ಹೆಸರಿನಲ್ಲಿ ಬರೆಯುತ್ತಿರುವವಳು ಯಾರೋ ನಕಲಿ ಎಂದು ಒಬ್ಬರಾದ ಮೇಲೊಬ್ಬರು ದೂರಿದ್ದರಿಂದ ಅವಳ ಖಾತೆ ಮುಚ್ಚಿಹೋಯಿತು.

ದೃಢೀಕರಣ ಪತ್ರದ ಒಂದು ಪ್ರತಿಯನ್ನು ಅವಳ ತಾಯಿಗೆ ತಲುಪಿಸಲು ನಾನೇ ಮಳವಳ್ಳಿಗೆ ಹೋದೆ. ಸಂಜೆ ಏಳು ಗಂಟೆ. ದೇವಿರಮ್ಮನೂ ಪಕ್ಕದ ಮನೆಯ ಬೆಟ್ಟಮ್ಮನೂ ಟೀವಿಯ ಮುಂದೆ ಕೂತು ವಿಶೇಷ ಸಂಚಿಕೆ ನೋಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ಎರಡು ವರ್ಷದಿಂದ ಮದುವೆ ಮನೆಗಳಲ್ಲಿ ತಲೆ ತಗ್ಗಿಸಿ ಕೂತಿದ್ದ ದೇವಿರಮ್ಮ ಪತ್ರವನ್ನು ಕಣ್ಣಿಗೊತ್ತಿಕೊಂಡಳು. ಅರುಂಧತಿ ಆಗ ತಾನೇ ಕೆಲಸದಿಂದ ಬಂದವಳು, ಎಲ್ಲರಿಗೂ ಕಾಫಿ ತಂದಳು.

"ಮಗಳು ಗಂಡನ ಮನೆಗ್ ಓದ್ಮೇಲೆ ಮನೆ ಬಣಬಣ ಅಂತದಾ ದೇವಿರಕ್ಕ?" ಎಂದು ಬೆಟ್ಟಮ್ಮ ಲೋಟ ತೆಗೆದುಕೊಂಡಳು.

"ಊ ಕಣವ್ವ. ಆದ್ರೂ ಸೇರ್ಕಂಡ್ಲಲ್ಲ, ಅಷ್ಟು ಸಾಕು."

"ಅವ್ವಾ, ನಾನಿಲ್ಲೇ ಇವ್ನಿ," ಎಂದಳು ಅರುಂಧತಿ.

ಬೆಟ್ಟಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಯಾರ್ ಮಗ್ಳವ್ವ ನೀನು?"

ದೇವಿರಮ್ಮ ಟೀವಿಯಿಂದ ಕಣ್ಣು ಕೀಳಲಿಲ್ಲ. "ನಮ್ ಅರುಂಧತಿ ಜೊತೆ ಕೆಲಸ ಮಾಡ್ತಿದ್ದೋಳು ಕಣವ್ವ. ಪಾಪ, ಇನ್ನೂ ಗಂಡನ ಮನೆ ಸೇರ್ಲಿಲ್ಲ."

ಬೆಟ್ಟಮ್ಮ ನನ್ನ ಕಡೆ ತಿರುಗಿದಳು. ನಾನು ಚೀಲದಿಂದ ಸೊಸೆ ಮರಳಿದ ಬಗ್ಗೆ ದೃಢೀಕರಣ ಪತ್ರ ಕೋರುವ ಒಂದು ಖಾಲಿ ಅರ್ಜಿ ತೆಗೆದು, ಅರುಂಧತಿ ಹಿಡಿದಿದ್ದ ಕಾಫಿ ತಟ್ಟೆಯ ಮೇಲಿಟ್ಟೆ.