ಅತ್ತೆಯ ಕಂಪನಿ ಯಾರದು?

ನಮ್ಮ ಸೋದರತ್ತೆಯ ಕಂಪನಿಯನ್ನು ನಡೆಸುತ್ತಿರುವುದು ಅವರಲ್ಲ, ಅವರ ಗಂಡ ಎಂದು ಯಾರೋ ಸರ್ಕಾರಕ್ಕೆ ದೂರು ಬರೆದರು. ಬರೆದವರು ಅತ್ತೆಯನ್ನೂ ನೋಡಿಲ್ಲ, ಮಾವನನ್ನಂತೂ ನೋಡೇ ಇಲ್ಲ ಎನ್ನಲು ಬೇರೆ ಸಾಕ್ಷಿ ಬೇಕೆ? ಆ ಮನೆಯಲ್ಲಿ ಮಾವ ಫ್ಯಾನಿನ ಸ್ವಿಚ್ ಒತ್ತುವ ಮೊದಲೂ ಅತ್ತೆಯ ಮುಖ ನೋಡುತ್ತಾರೆ!

ಕಂಪನಿ ಎಂದರೆ ತ್ರಿಪ್ಲಿಕೇನಿನ ಒಂದು ಲಾಡ್ಜಿನ ಹಿಂದೆ, ಮಹಡಿಯ ಮೇಲೆ ಆರು ಹೊಲಿಗೆ ಮಿಷನ್ನು, ಆರು ಹೆಂಗಸರು. ಸರ್ಕಾರಿ ಕಚೇರಿಗಳಿಗೆ ಮೇಜು ಒರೆಸುವ ಬಟ್ಟೆ ಹೊಲಿಯುತ್ತಾರೆ. ಅಲ್ಲಿ ಒರೆಸುವವರು ಇದ್ದಾರೆಯೇ ಎಂದು ಕೇಳಬೇಡಿ, ಬಟ್ಟೆಯಂತೂ ಹೋಗುತ್ತದೆ. ಹೊಸ ಬಟ್ಟೆಯ ಥಾನು ಬಂದ ದಿನ ಎದುರಿಗೆ ಸಿಕ್ಕವರ ಕನ್ನಡಕ ಕಿತ್ತುಕೊಂಡು ಒರೆಸಿ ನೋಡುವುದು ಅತ್ತೆಯ ಪರೀಕ್ಷೆ. ನನ್ನ ತಂಗಿಯನ್ನು ನೋಡಲು ಬಂದ ಗಂಡಿನ ತಂದೆಯ ಕನ್ನಡಕವನ್ನೂ ಬಿಡಲಿಲ್ಲ. ಗಾಜಿಗೆ ಗೀರು ಬಿತ್ತು. ಅತ್ತೆ ಕ್ಷಮೆ ಕೇಳಲಿಲ್ಲ, ಥಾನನ್ನು ವಾಪಸ್ ಕಳಿಸಿದರು.

ಹೆಂಗಸರು ನಡೆಸುವ ಸಣ್ಣ ಉದ್ದಿಮೆಗಳಿಗೆಂದು ಸರ್ಕಾರದ ಖರೀದಿಯಲ್ಲಿ ಒಂದು ಪಾಲು ಮೀಸಲು. ಅದು ಅತ್ತೆಗೆ ಸಿಗುವುದನ್ನು ಕಂಡು ಟೆಂಡರಿನಲ್ಲಿ ಸೋತ ಒಬ್ಬ ಮಹನೀಯರ ಹೊಟ್ಟೆ ಉರಿಯಿತು. ಪತ್ರಗಳೆಲ್ಲ ಗಂಡನ ಕೈಬರಹದಲ್ಲಿವೆ, ಹೆಂಡತಿ ಹೆಸರಿಗೆ ಮಾತ್ರ ಎಂದು ಬರೆದರು. ನೀವೇ ಮಾಲೀಕರೆಂದು ಹದಿನೈದು ದಿನದೊಳಗೆ ಬಂದು ತೋರಿಸಿ, ಇಲ್ಲವಾದರೆ ಅರ್ಹತೆ ರದ್ದು ಎಂದು ನೋಟಿಸು ಬಂತು. ಅರ್ಹತೆ ಹೋದರೆ ಆರೂ ಮಿಷನ್ನು ನಿಂತ ಹಾಗೆಯೇ.

ಮಾವನನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದು ವಕೀಲರು ಬುದ್ಧಿ ಹೇಳಿದರು. “ಅವರು ಬರದಿದ್ರೆ ನಾನು ಯಾರನ್ನ ಗದರೋದು?” ಎಂದ ಅತ್ತೆ ಮಾವನನ್ನೂ ನನ್ನನ್ನೂ ಹೊರಡಿಸಿದರು.

ವಿಚಾರಣೆಯ ಅಧಿಕಾರಿ ನೂಲು, ಅಳತೆ ಎಂದು ಕೇಳುತ್ತಾ ಹೋದರು. ಅತ್ತೆ ಅವರ ಮೇಜಿನ ಮೇಲಿದ್ದ ಬಟ್ಟೆಯನ್ನೇ ಎತ್ತಿ ಬೆರಳಲ್ಲಿ ತಿಕ್ಕಿ, ಇದು ನಮ್ಮದಲ್ಲ, ಎರಡು ಸಲ ಒಗೆದರೆ ಇದರಲ್ಲಿ ಕಾಫಿ ಸೋಸಬಹುದು ಎಂದು ತಮಿಳಿನಲ್ಲಿ ತೀರ್ಪು ಕೊಟ್ಟರು. ಅಧಿಕಾರಿ ಬಟ್ಟೆಯನ್ನು ಮೆಲ್ಲಗೆ ಡ್ರಾಯರಿಗೆ ಸೇರಿಸಿದರು. ಆಮೇಲೆ, ಪತ್ರಗಳೇಕೆ ಗಂಡನ ಕೈಬರಹದಲ್ಲಿವೆ ಎಂದು ಕೇಳಿದರು.

ಅವರು ನನ್ನ ಗುಮಾಸ್ತರು ಎನ್ನಬೇಕೆಂದು ವಕೀಲರು ಪಾಠ ಮಾಡಿಸಿದ್ದರು. ಅತ್ತೆ ಹಾಗೆ ಹೇಳಲಿಲ್ಲ. ಸೆರಗು ಹೊದ್ದುಕೊಂಡರು.

“ನನಗೆ ಓದು ಬರಹ ಬರಲ್ಲ ಸಾರ್. ಸಹಿ ಒಂದು ಕಲಿತಿದೀನಿ. ನಾನು ಹೇಳ್ತೀನಿ, ಇವರು ಬರೀತಾರೆ.”

ಮನೆಗೆ ಮದುವೆ ಕಾಗದ ಬಂದರೆ ನನ್ನತ್ತ ಎಸೆದು, ಕೆಲಸವಿದೆ, ನೀನೇ ಓದು ಎನ್ನುತ್ತಿದ್ದರು. ನಾನು ಅದನ್ನು ದರ್ಪ ಅಂದುಕೊಂಡಿದ್ದೆ. ನನ್ನ ಜಾಣತನಕ್ಕೆ ಏನು ಹೇಳೋಣ?

ನೀವಾಗಿ ಏನಾದರೂ ಬರೆದದ್ದುಂಟೇ ಎಂದು ಅಧಿಕಾರಿ ಮಾವನನ್ನು ಕೇಳಿದರು.

“ಒಂದ್ಸಲ ಕೊನೇಲಿ ಒಂದು ಸಾಲು ಸೇರಿಸಿದ್ದೆ,” ಅಂದರು ಮಾವ. “ಓದಿ ಹೇಳುವಾಗ ಸಿಕ್ಕಿಬಿದ್ದೆ. ಹೊಡೆದು ಹಾಕಿಸಿದಳು.”

ಆದೇಶ ಬಂದ ದಿನ ಮಾವ ನೂಲು ತರಲು ಪುರಸೈವಾಕ್ಕಂಗೆ ಹೋಗಿದ್ದರು. ನಾನು ಲಕೋಟೆ ಒಡೆಯಲು ಹೋದೆ. ಅತ್ತೆ ಕೈ ಹಿಡಿದರು. ಕಂಪನಿಯ ಕಾಗದವನ್ನು ಅವರೇ ಓದಬೇಕು, ಬರಲಿ ಅಂದರು. ಆರು ಹೆಂಗಸರೂ ಮಿಷನ್ನು ನಿಲ್ಲಿಸಿ ಕಾದರು.

ಮಾವ ಬಂದು ನಿಂತೇ ಓದಿದರು: ಅರ್ಹತೆ ಮುಂದುವರಿಯುತ್ತದೆ.

“ಇನ್ನೊಂದ್ಸಲ ಓದಿ,” ಅಂದರು ಅತ್ತೆ.

ಮಾವ ಮತ್ತೆ ಮೊದಲಿನಿಂದ ಓದತೊಡಗಿದರು. ಮಾಲೀಕರ ಹೆಸರು ಬಂದ ಕಡೆ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ಅತ್ತೆ ಗದರಲಿಲ್ಲ, ಕಾದರು.